ಮರುಪರೀಕ್ಷೆಗೂ ಮುನ್ನ ಮರುಪಾಠ ಬೇಕು

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ 625ಕ್ಕೆ 625 ಅಂಕ ಗಳಿಸಿದವರ ಚಿತ್ರಗಳಿರುತ್ತವೆ. ಅದರ ಕೆಳಗೆ, ಅನುತ್ತೀರ್ಣರಾದವರು ಎದೆಗುಂದಬಾರದು, ಛಲ ಬಿಡಬಾರದು ಎಂಬ ಹಿರಿಯರ ಕಿವಿಮಾತು. ಮಾತು ಸರಿಯೇ. ಆದರೆ ಛಲ ಬಿಡದ ಹುಡುಗ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. 2024ರಲ್ಲಿ ಕರ್ನಾಟಕದಲ್ಲಿ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ-1, 2, 3 ಎಂಬ ಮೂರು ಅವಕಾಶಗಳು ಬಂದವು. ಮೂರರಲ್ಲಿ ಯಾವುದು ಹೆಚ್ಚೋ ಆ ಅಂಕವೇ ಉಳಿಯುವ ವ್ಯವಸ್ಥೆ ಅದು. ಸತತ ಪ್ರಯತ್ನಕ್ಕೆ ಇಷ್ಟು ಉದಾರವಾಗಿ ಬಾಗಿಲು ತೆರೆದದ್ದು ಸ್ವಾಗತಾರ್ಹ. ಆದರೆ ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಕಲಿಕೆಯಲ್ಲಿ ಏನೂ ಬದಲಾಗದಿದ್ದರೆ, ನಾವು ಕೊಟ್ಟದ್ದು ಅದೇ ತಪ್ಪನ್ನು ಮತ್ತೊಮ್ಮೆ ಬರೆಯುವ ಅವಕಾಶವನ್ನಷ್ಟೇ.

ದೀರ್ಘಕಾಲದ ಗುರಿಗೆ ಅಂಟಿಕೊಳ್ಳುವ ಗುಣಕ್ಕೆ ‘ಗ್ರಿಟ್’ ಎಂದು ಹೆಸರಿಟ್ಟು, ಅದನ್ನು ಅಳೆಯಲು ಪ್ರಶ್ನಾವಳಿ ರೂಪಿಸಿದವರು ಅಮೆರಿಕದ ಮನೋವಿಜ್ಞಾನಿ ಏಂಜೆಲಾ ಡಕ್‌ವರ್ತ್. 2007ರ ಅವರ ಅಧ್ಯಯನ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳನ್ನೂ ಸ್ಪೆಲಿಂಗ್ ಬೀ ಸ್ಪರ್ಧೆಯ ಮಕ್ಕಳನ್ನೂ ಒಳಗೊಂಡಿತ್ತು. ಬುದ್ಧಿಮತ್ತೆಯೊಂದೇ ಗೆಲುವನ್ನು ತೀರ್ಮಾನಿಸುವುದಿಲ್ಲ ಎಂಬ ಅದರ ಸಂದೇಶ ಶಾಲೆಗಳಿಗೆ ಬಹಳ ಹಿಡಿಸಿತು. ಹತ್ತು ವರ್ಷಗಳ ನಂತರ, 2017ರಲ್ಲಿ, ಮಾರ್ಕಸ್ ಕ್ರೆಡೆ ಮತ್ತು ಸಂಗಡಿಗರು ಸುಮಾರು 67 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರ ಬದಲಾಯಿತು. ಈ ಗುಣ ಮನೋವಿಜ್ಞಾನ ಬಹುಕಾಲದಿಂದ ಬಲ್ಲ ಶ್ರದ್ಧೆ-ಶಿಸ್ತಿಗಿಂತ ಹೆಚ್ಚೇನೂ ಬೇರೆಯಲ್ಲ, ಸಾಧನೆಯೊಂದಿಗೆ ಅದರ ನಂಟೂ ಸಾಧಾರಣ ಎಂದರು ಅವರು. ಒಂದು ಅಂಶ ಮಾತ್ರ ಗಟ್ಟಿಯಾಗಿ ನಿಂತಿತು: ಒಂದೇ ಆಸಕ್ತಿಗೆ ವರ್ಷಗಟ್ಟಲೆ ಜೋತುಬೀಳುವುದಕ್ಕಿಂತ, ಹಿಡಿದ ಕೆಲಸದಲ್ಲಿ ಬಿಡದೆ ಶ್ರಮಿಸುವುದೇ ಅಂಕಗಳಿಗೆ ಹೆಚ್ಚು ಹತ್ತಿರ. ಹಟಕ್ಕಿಂತ ದುಡಿಮೆ ಮುಖ್ಯ ಎಂದಾಯಿತು. ಆ ದುಡಿಮೆಗೆ ದಿಕ್ಕು ತೋರುವವರು ಬೇಕು, ದಿನವೂ ತರಗತಿಗೆ ಬರುವ ಅನುಕೂಲವೂ ಬೇಕು.

ಅನುಕೂಲದ ಮಾತೆತ್ತಿದರೆ, ಬೀದಿದೀಪದಡಿ ಓದಿ ಮೇಲೆ ಬಂದವರ ಉದಾಹರಣೆಯನ್ನು ಯಾರಾದರೂ ಮುಂದಿಡುತ್ತಾರೆ. ಅಂಥವರು ಇದ್ದಾರೆ, ಗೌರವಕ್ಕೂ ಅರ್ಹರು. ಆದರೆ ಅದೇ ದೀಪದಡಿ ಅಷ್ಟೇ ಓದಿಯೂ ಮೇಲೆ ಬಾರದವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಬಿಹಾರದಲ್ಲಿ 2006ರಲ್ಲಿ ಆರಂಭವಾದ ಹೆಣ್ಣುಮಕ್ಕಳ ಸೈಕಲ್ ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದ್ದಾರೆ. ಆ ಹುಡುಗಿಯರಲ್ಲಿ ರಾತ್ರೋರಾತ್ರಿ ಛಲ ಹುಟ್ಟಿತೇ? ಶಾಲೆಯ ದೂರ ಕಡಿಮೆಯಾಯಿತು, ಅಷ್ಟೇ. ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸೈಕಲ್ ಹಂಚಿದ್ದ ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ.

ಇನ್ನೊಂದು ಆಕ್ಷೇಪ ಶಿಕ್ಷಕರ ಕೊಠಡಿಗಳಲ್ಲೇ ಕೇಳಿಬರುತ್ತದೆ: ಹಲವು ಅವಕಾಶಗಳಿವೆ ಎಂದರೆ ಮಕ್ಕಳು ಮೊದಲನೆಯದನ್ನು ಹಗುರವಾಗಿ ಕಾಣುತ್ತಾರೆ. ಕೆಲವರು ಕಾಣಬಹುದು. ಆದರೆ ಒಂದೇ ಪರೀಕ್ಷೆಯ ಭಯ ಪರಿಶ್ರಮಿಗಳನ್ನು ತಯಾರಿಸಿತ್ತು ಎನ್ನುವುದಕ್ಕಿಂತ, ಫೇಲಾದವರನ್ನು ಶಾಲೆಯಿಂದಲೇ ದೂರ ಮಾಡಿತ್ತು ಎನ್ನುವುದು ಹೆಚ್ಚು ಸರಿ. ಇದಕ್ಕಿಂತ ತೂಕದ ಆಕ್ಷೇಪ ಬೇರೆಯೇ ಇದೆ. ಪ್ರಯತ್ನವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಛಲ ಯೌವನವನ್ನೇ ನುಂಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಲಕ್ಷಗಟ್ಟಲೆ ಮಂದಿ ಅರ್ಜಿ ಹಾಕಿದರೆ ಆಯ್ಕೆಯಾಗುವವರು ಸಾವಿರದ ಆಸುಪಾಸು. ಸಾಮಾನ್ಯ ವರ್ಗಕ್ಕೆ ಆರು, ಇತರ ಹಿಂದುಳಿದ ವರ್ಗಗಳಿಗೆ ಒಂಬತ್ತು ಯತ್ನಗಳು. ಪೂರ್ವಭಾವಿ ಹಂತದಲ್ಲೇ ನಿಂತವರಿಗೆ ಅಂಕಪಟ್ಟಿ ಸಿಗುವುದು ಇಡೀ ಪ್ರಕ್ರಿಯೆ ಮುಗಿದ ಮೇಲೆ. ಎಲ್ಲಿ ಎಡವಿದೆವು ಎಂಬುದು ತಿಳಿಯದೆ ಬೆಂಗಳೂರಿನ ವಿಜಯನಗರದ ಬಾಡಿಗೆ ಕೋಣೆಯಲ್ಲಿ ಐದನೇ ವರ್ಷ ಓದುತ್ತಿರುವವರಿಗೆ ‘ಬಿಡಬೇಡ’ ಎನ್ನುವುದು ಸಲಹೆಯಲ್ಲ, ಹೊಣೆಗೇಡಿತನ. ಪಕ್ಕದ ದಾರಿ ಹಿಡಿಯುವುದನ್ನು ಸೋಲೆಂದು ಕರೆಯದಿರುವ ವಿವೇಕವೂ ಪರಿಶ್ರಮದ ಭಾಗವೇ.

ಎಲ್ಲಿ ಎಡವಿದೆವೆಂದು ತಿಳಿಯದ ಈ ಕೊರತೆಯನ್ನು ಹತ್ತನೇ ತರಗತಿಯ ಮಟ್ಟಿಗೆ ತುಂಬುವುದು ಸುಲಭ. ಉತ್ತರಪತ್ರಿಕೆಯ ಪ್ರತಿ ಈಗ ಅರ್ಜಿ ಹಾಕಿ ಶುಲ್ಕ ಕಟ್ಟಿದವರಿಗೆ ಸಿಗುತ್ತದೆ. ಅದನ್ನು ಕೇಳಿ ಪಡೆಯುವವರು ಹೆಚ್ಚಾಗಿ ನಾಲ್ಕೈದು ಅಂಕ ಏರೀತೆಂದು ಕಾಯುವ ಮುಂಚೂಣಿಯ ಮಕ್ಕಳು. ಗಣಿತದಲ್ಲಿ ಬಿದ್ದವರ ಪ್ರತಿಗಳನ್ನು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ ಉಚಿತವಾಗಿ ಆಯಾ ಶಾಲೆಗೆ ಕಳಿಸಲಿ. ಅದನ್ನು ಮುಂದಿಟ್ಟುಕೊಂಡು ಶಿಕ್ಷಕರು ಒಂದೆರಡು ವಾರ ಪಾಠ ಹೇಳಲಿ. ಬೇಸಿಗೆ ರಜೆ ಕಳೆದುಕೊಳ್ಳುವ ಶಿಕ್ಷಕರ ಅಸಮಾಧಾನ ನ್ಯಾಯವಾದದ್ದು; ಆ ದಿನಗಳಿಗೆ ಗಳಿಕೆ ರಜೆಯನ್ನೋ ಪ್ರತ್ಯೇಕ ಭತ್ಯೆಯನ್ನೋ ಕೊಡುವುದು ಸರ್ಕಾರದ ಕೆಲಸ.