ಮದುವೆಯಲ್ಲಿ ಊಟ ಉಳಿದರೆ 1098ಕ್ಕೆ ಫೋನ್ ಮಾಡಬೇಕೇ?

ಮದುವೆ ಸೀಸನ್ ಬಂತೆಂದರೆ ರಂಗಂಪೇಟೆಯ ಗ್ರೂಪಾಗಲಿ, ಬೆಂಗಳೂರಿನ ಗ್ರೂಪಾಗಲಿ, ಇಂಥದ್ದೊಂದು ಮೆಸೇಜ್ ಬರಬಹುದು: ಕಾರ್ಯಕ್ರಮದಲ್ಲಿ ಊಟ ಉಳಿದರೆ 1098ಕ್ಕೆ ಫೋನ್ ಮಾಡಿ, ಅವರೇ ಬಂದು ಒಯ್ದು ಹಸಿದ ಮಕ್ಕಳಿಗೆ ಕೊಡುತ್ತಾರೆ, ಎಲ್ಲರಿಗೂ ಕಳಿಸಿ. ಹುಗ್ಗಿ, ಅನ್ನ ತಿಪ್ಪೆ ಸೇರುವುದನ್ನು ಕಂಡವರಿಗೆ ಇದನ್ನು ಕಳಿಸಬೇಕು ಅನ್ನಿಸುವುದು ಸಹಜ. ಆದರೆ ವಿಷಯ ಸುಳ್ಳು.

1098 ನಿಜಕ್ಕೂ ಏನು?

ಇದು ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಶುರುವಾಗಿ ದೇಶಕ್ಕೆಲ್ಲ ಹರಡಿತು. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ. ತಾವು ಉಳಿದ ಊಟ ಒಯ್ಯುವುದಿಲ್ಲ ಎಂದು ಇದನ್ನು ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆಯೇ ಸ್ಪಷ್ಟಪಡಿಸಿತ್ತು. ಆದರೂ ಮೆಸೇಜ್ ನಿಲ್ಲಲಿಲ್ಲ.

ನಾವು ಯಾಕೆ ನಂಬುತ್ತೇವೆ?

ನಂಬರ್ ನಿಜ, ಹಸಿವೂ ನಿಜ. ದುಡ್ಡು ಕೇಳುವುದಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. 'ಸುಳ್ಳಾದರೆ ಯಾರಿಗೇನು ನಷ್ಟ?' ಎಂದುಕೊಂಡು ಕಳಿಸಿಬಿಡುತ್ತೇವೆ.

ನಷ್ಟ ಇದೆ. ಶಾಲೆ ಬಿಡಿಸಿ ಹತ್ತಿ ಬಿಡಿಸಲು ಹಚ್ಚಿದ ಮಗು, 18 ತುಂಬುವ ಮೊದಲೇ ಮದುವೆಗೆ ಕೂಡಿಸಿದ ಹುಡುಗಿ, ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡ ಕೂಸು: ಇವರಿಗಾಗಿ ಇರುವ ಲೈನ್ ಅದು. ಊಟದ ಕರೆ ಎತ್ತಿಕೊಂಡವರು ಅಷ್ಟು ಹೊತ್ತು ಇನ್ನೊಂದು ಕರೆ ಎತ್ತಲಾರರು.

ಇದೇ ಜಾತಿಯ ಇನ್ನೆರಡು

ಮೊದಲನೆಯದು, 'ಅಪಘಾತದಲ್ಲಿ ಸತ್ತವರ ಕಿಡ್ನಿ ಇದೆ, ಬೇಕಾದವರು ಈ ನಂಬರಿಗೆ ಕರೆ ಮಾಡಿ'. ಹೊರತೆಗೆದ ಕಿಡ್ನಿಯನ್ನು ಒಂದೆರಡು ದಿನದೊಳಗೆ ಕೂಡಿಸಲೇಬೇಕು. ಈ ಮೆಸೇಜ್ ತಿರುಗುತ್ತಿರುವುದು ವರ್ಷಗಳಿಂದ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಸತ್ತವರ ಅಂಗ ಸಿಗುವುದು ಕಾಯುವವರ ಪಟ್ಟಿಯ ಮೂಲಕ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುವುದು 'ಜೀವಸಾರ್ಥಕತೆ'.

ಎರಡನೆಯದು, ಹಣದ ಮೋಸ. 2020ರ ಲಾಕ್‌ಡೌನ್‌ನಲ್ಲಿ ಪಿಎಂ ಕೇರ್ಸ್ ನಿಧಿಯ ಯುಪಿಐ ಐಡಿಯಲ್ಲಿ ಒಂದೇ ಅಕ್ಷರ ಬಿಟ್ಟು ನಕಲಿ ಐಡಿ ಮಾಡಿದ್ದರು. ಕೊಡುವ ಮನಸ್ಸಿದ್ದವರೇ ಅಲ್ಲಿ ಬೇಟೆ.

ಏನು ಮಾಡೋಣ?

- ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ಕಳಿಸಿದವರು ಪರಿಚಿತರಿರಬಹುದು, ಬರೆದವರು ಯಾರೋ ಗೊತ್ತಿಲ್ಲ.
- ತಾರೀಖು, ಊರು, ಆಸ್ಪತ್ರೆ ಹೆಸರು ಇದೆಯೇ ನೋಡಿ. 'ಇವತ್ತೇ' ಎಂದರೆ ಯಾವ ಇವತ್ತು?
- ದುಡ್ಡು ಕಳಿಸುವ ಮುನ್ನ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲಿ ಖಾತೆ ನೋಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.
- ಊಟ ಉಳಿಯಬಹುದು ಅನ್ನಿಸಿದರೆ ಹತ್ತಿರದ ಹಾಸ್ಟೆಲ್ ಅಥವಾ ಆಶ್ರಮಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ. ಬೇಯಿಸಿದ್ದನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಟ್ಟರೆ ಕೆಡುವ ಭಯ, ಬೇಗ ಮುಟ್ಟಿಸಿ.

1098 ನಂಬರನ್ನು ಖಂಡಿತ ಹಂಚಿ. ಆದರೆ ಊಟಕ್ಕಲ್ಲ, ಕಷ್ಟದಲ್ಲಿರುವ ಮಗುವಿಗೆ ಎಂದು ಬರೆದು ಹಂಚಿ.