ಸಂಯಮಕ್ಕೊಂದು ಅಂಕೆ ಬೇಕು

ದಶಲಕ್ಷಣ ಪರ್ವದ ಆರನೆಯ ದಿನ ಉತ್ತಮ ಸಂಯಮಕ್ಕೆ ಮೀಸಲು. ಕಳೆದ ಪರ್ವದಲ್ಲಿ ಚೆನ್ನೈಯ ನಮ್ಮ ಜಿನಾಲಯದಲ್ಲಿ ಅಂದಿನ ಪ್ರವಚನವು ಕಂದಮೂಲ, ರಾತ್ರಿಭೋಜನ, ಉಪವಾಸ ಈ ಮೂರರಾಚೆಗೆ ಹೋಗಲಿಲ್ಲ. ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಕಾಲೇಜು ಓದುವ ಹುಡುಗಿಯೊಬ್ಬಳು ನನ್ನನ್ನು ತಡೆದು ಕೇಳಿದಳು: "ಅಂಕಲ್, ಆಲೂಗಡ್ಡೆ ಬಿಟ್ಟವರ ಮನೆಯಲ್ಲಿ ಎಣ್ಣೂರಿನ ಕಾರ್ಖಾನೆಗಳ ಷೇರು ಇರಬಹುದೇ?" ಆಕೆಯ ತಂದೆಯ ಆದಾಯ ತೆರಿಗೆ ಲೆಕ್ಕ ನೋಡುವವನು ನಾನೇ. "ಕಾನೂನಿನ ಅಡ್ಡಿಯೇನೂ ಇಲ್ಲಮ್ಮ" ಎಂದೆ. ಲೆಕ್ಕಪರಿಶೋಧಕನ ಉತ್ತರವಾಗಿ ಅದು ಸರಿ. ಶ್ರಾವಕನ ಉತ್ತರವಾಗಿ ಅದು ನುಣುಚಿಕೊಳ್ಳುವಿಕೆ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ದೂರದ ಊರುಗಳಲ್ಲಿರುವ ಓದುಗರಿಗಾಗಿ ಎಣ್ಣೂರಿನ ಬಗ್ಗೆ ಎರಡು ಮಾತು. ಅದು ಚೆನ್ನೈಯ ಉತ್ತರದ ಅಂಚಿನಲ್ಲಿ ಕೊಸಸ್ತಲೈ ನದಿ ಕಡಲನ್ನು ಸೇರುವ ಅಳಿವೆ. ಸುತ್ತಲೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು, ಹಾರುಬೂದಿಯ ಕೊಳಗಳು, ಬಂದರು, ಕಾರ್ಖಾನೆಗಳು. ನಡುವೆ ಮೀನುಗಾರರ ಕುಪ್ಪಗಳು. 2017ರ ಜನವರಿ 28ರಂದು ಕಾಮರಾಜರ್ ಬಂದರಿನ ಬಳಿ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ದಡಕ್ಕೆ ಹರಿಯಿತು. ಜನರು ಅದನ್ನು ಬಕೆಟ್ಟುಗಳಲ್ಲಿ ಎತ್ತಿದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ತೈಲ ಶುದ್ಧೀಕರಣಾಗಾರದ ಕಡೆಯಿಂದ ಬಂದ ತೈಲವು ಅಳಿವೆಯನ್ನೇ ಮುಚ್ಚಿತು. ಅದೇ ತಿಂಗಳ 26ರ ನಡುರಾತ್ರಿಯ ಹೊತ್ತಿಗೆ ಕಡಲೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ, ಪೆರಿಯಕುಪ್ಪಂ ಸುತ್ತಲಿನ ಜನರು ಮಕ್ಕಳನ್ನೆತ್ತಿಕೊಂಡು ಕತ್ತಲಲ್ಲಿ ಓಡಿದರು. ಹಲವರು ಆಸ್ಪತ್ರೆ ಸೇರಿದರು.

ಇಂತಹ ದುರಂತದ ಮರುದಿನ ಎಲ್ಲೆಡೆ ಕೇಳಿಬರುವ ಮಾತೊಂದಿದೆ: "ಸಾರ್ವಜನಿಕರು ಸಂಯಮ ಕಾಪಾಡಬೇಕು." ಮಾತು ಹಳೆಯದಾದುದರಿಂದ ಅದರ ವಿಪರ್ಯಾಸ ನಮ್ಮ ಕಿವಿಗೆ ತಾಕುವುದಿಲ್ಲ. ಸಂಯಮ ಇರಬೇಕಾಗಿದ್ದುದು ಕೊಳವೆಯ ಆ ತುದಿಯಲ್ಲಿ; ಕೇಳುತ್ತಿರುವುದು ಉಸಿರುಗಟ್ಟಿದವರನ್ನು! ತಮಿಳಿನಲ್ಲಿ ಸಂಯಮಕ್ಕೆ 'ಅಡಕ್ಕಂ' ಎನ್ನುತ್ತಾರೆ. ತಿರುಕ್ಕುರಳಿನ ಹದಿಮೂರನೆಯ ಅಧಿಕಾರವೇ ಅದರ ಕುರಿತಾದದ್ದು. ಅದೇ ಧಾತುವಿನಿಂದ ಹುಟ್ಟಿದ 'ಅಡಕ್ಕುಮುರೈ' ಎಂಬುದಕ್ಕೆ ದಬ್ಬಾಳಿಕೆ ಎಂದು ಅರ್ಥ. ನಮ್ಮ ಅಡಗು, ಅಡಗಿಸು ಎಂಬ ಜೋಡಿಯೂ ಹಾಗೆಯೇ. ತಾನು ಅಡಗಿದರೆ ಸಂಯಮ, ಪರರನ್ನು ಅಡಗಿಸಿದರೆ ದಮನ. ನಡುವಿನ ಅಂತರ ಒಂದೇ ಪ್ರತ್ಯಯದ್ದು.

ನಮ್ಮ ಆಚಾರ್ಯರು ಸಂಯಮವನ್ನು ಎರಡಾಗಿ ಹೇಳಿದ್ದಾರೆ: ಇಂದ್ರಿಯಸಂಯಮ ಮತ್ತು ಪ್ರಾಣಿಸಂಯಮ. ಮೊದಲನೆಯದು ನಾಲಿಗೆ, ಕಣ್ಣು, ಮನಸ್ಸುಗಳ ನಿಗ್ರಹ. ಎರಡನೆಯದು ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ ಮತ್ತು ತ್ರಸ ಎಂಬ ಆರು ಬಗೆಯ ಜೀವಕಾಯಗಳ ರಕ್ಷಣೆ. ನಾವು ಮೊದಲನೆಯದನ್ನು ಅಡುಗೆಮನೆಗೆ ಸೀಮಿತಗೊಳಿಸಿ, ಎರಡನೆಯದನ್ನು ಮುನಿಗಳಿಗೆ ಒಪ್ಪಿಸಿ ನಿಶ್ಚಿಂತರಾದೆವು. ಎಣ್ಣೂರಿನಲ್ಲಿ ನೀರು, ನೆಲ, ಗಾಳಿ ಮೂರೂ ಏಕಕಾಲಕ್ಕೆ ನೊಂದವು. "ಮೀನುಗಾರರ ವೃತ್ತಿಯೇ ಹಿಂಸೆಯಲ್ಲವೇ, ನಮಗೇಕೆ ಆ ಚಿಂತೆ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಅನ್ಯರ ಹಿಂಸೆಯಿಂದ ನಮ್ಮ ಹಿಂಸೆ ಅಹಿಂಸೆಯಾಗುವುದಿಲ್ಲ. ತೈಲ ಮೆತ್ತಿದ ಕಾಂಡ್ಲಾ ಬೇರಿನಲ್ಲಿ ಸತ್ತ ಏಡಿಯನ್ನೂ ರೆಕ್ಕೆ ಕಪ್ಪಾದ ಹೆಜ್ಜಾರ್ಲೆಯನ್ನೂ ಯಾವ ಬೆಸ್ತನೂ ಕೊಲ್ಲಲಿಲ್ಲ.

'ಸಮಿತಿ' ಎಂಬ ಪದದ ಗತಿಯನ್ನೂ ನೋಡಿ. ಜಿನಾಗಮದಲ್ಲಿ ಸಮಿತಿಯೆಂದರೆ ಎಚ್ಚರದ ನಡೆ. ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ: ತನ್ನ ದೇಹದ ಕಲ್ಮಷವನ್ನೂ ಜೀವಜಂತುಗಳಿಲ್ಲದ ಸ್ಥಳ ನೋಡಿ ವಿಸರ್ಜಿಸುವ ಎಚ್ಚರ. ಇಂದು ನಾವು ಬಲ್ಲ ಸಮಿತಿ ಬೇರೆ. ಕಲ್ಮಷ ಅಳಿವೆ ಸೇರಿದ ಮೇಲೆ ಅದು ನೇಮಕಗೊಳ್ಳುತ್ತದೆ, ವರದಿ ಕೊಡುತ್ತದೆ. ಮೊದಲನೆಯ ಸಮಿತಿ ಇದ್ದಿದ್ದರೆ ಎರಡನೆಯದರ ಅಗತ್ಯವೇ ಬೀಳುತ್ತಿರಲಿಲ್ಲ.

ಇಲ್ಲಿ ಪಕ್ಷಭೇದವಿಲ್ಲ. 2017ರಲ್ಲಿ ರಾಜ್ಯವನ್ನು ಆಳುತ್ತಿದ್ದ ಪಕ್ಷ ಬೇರೆ, 2023ರಲ್ಲಿ ಆಳುತ್ತಿದ್ದ ಪಕ್ಷ ಬೇರೆ. ಅಳಿವೆಯ ಪಾಡು ಒಂದೇ. ತೈಲ ದುರಂತದ ಬಳಿಕ ಸರ್ಕಾರವು ಹೆಚ್ಚು ಹಾನಿಗೊಂಡ ಮೀನುಗಾರ ಕುಟುಂಬಕ್ಕೆ ತಲಾ 12,500 ರೂಪಾಯಿ ಘೋಷಿಸಿತು. ಮರುವರ್ಷ ಮಾರ್ಚಿನಲ್ಲಿ ಅದೇ ಪರಿಸರದಲ್ಲಿ 800 ಮೆಗಾವ್ಯಾಟ್‌ನ ಹೊಸ ಕಲ್ಲಿದ್ದಲು ಘಟಕ ಉದ್ಘಾಟನೆಗೊಂಡಿತು. ಹಾನಿಗೆ ಅಂಕಿಯುಂಟು, ಉತ್ಪಾದನೆಗೆ ಅಂಕಿಯುಂಟು. ಈ ಅಳಿವೆ ಒಟ್ಟು ಎಷ್ಟನ್ನು ತಾಳಬಲ್ಲದು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಮಾತ್ರ ಯಾರೂ ಅಂಕಿ ಹಾಕುವುದಿಲ್ಲ.

ಕನ್ನಡದಲ್ಲಿ 'ಅಂಕೆ' ಎಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು. ನನ್ನ ವೃತ್ತಿಯವರು ನಿತ್ಯ ನೆನೆಯಬೇಕಾದ ಪದವಿದು. ಗೃಹಸ್ಥನಿಗೆ ಸರ್ವತ್ಯಾಗವನ್ನು ಯಾರೂ ವಿಧಿಸಿಲ್ಲ; ವಿಧಿಸಿರುವುದು ಪರಿಮಾಣವನ್ನು. ಸಮಂತಭದ್ರಾಚಾರ್ಯರ ರತ್ನಕರಂಡಕವು ಕಾಲಮಿತಿಯುಳ್ಳ ವ್ರತವನ್ನು ನಿಯಮವೆಂದೂ ಜೀವಾವಧಿಯ ವ್ರತವನ್ನು ಯಮವೆಂದೂ ಕರೆಯುತ್ತದೆ. ಎರಡರಲ್ಲೂ ಮಿತಿ ಮೊದಲೇ ನಿಗದಿಯಾಗಿರುತ್ತದೆ, ಅದನ್ನು ಹಾಕಿಕೊಳ್ಳುವವನು ತಾನೇ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನು ಬಿಡಬೇಕಾದ ಹದಿನೈದು ಜೀವನೋಪಾಯಗಳನ್ನು ಪಟ್ಟಿ ಮಾಡುತ್ತದೆ. ಅವುಗಳಲ್ಲಿ ಅಂಗಾರಕರ್ಮವಿದೆ, ವಿಷವಾಣಿಜ್ಯವಿದೆ, ಜಲಾಶಯಗಳನ್ನು ಬತ್ತಿಸುವ ಸರಃಶೋಷವಿದೆ. ಅಂದು ಡಿಮ್ಯಾಟ್ ಖಾತೆ ಇರಲಿಲ್ಲ. ಆದರೆ ಲಾಭಾಂಶ ಪಡೆಯುವವನು ಆ ಕರ್ಮದ ಅನುಮೋದಕನಲ್ಲವೆಂದು ಯಾವ ಶಾಸ್ತ್ರದಿಂದ ಹೇಳೋಣ?

ನಮ್ಮ ಮನೆಯ ದೀಪವೂ ಆ ಸ್ಥಾವರಗಳಿಂದಲೇ ಉರಿಯುತ್ತದೆಂಬುದನ್ನು ನಾನು ಮರೆತಿಲ್ಲ. ಅದರಿಂದ ಹೊಣೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಆದ್ದರಿಂದ ಮೂರು ಸಲಹೆಗಳು. ಬರುವ ಸಂಯಮ ದಿನದಂದು ಪ್ರತಿ ಕುಟುಂಬವೂ ತನ್ನ ಪರಿಗ್ರಹ ಪರಿಮಾಣವನ್ನು ಅಂಕಿಗಳಲ್ಲಿ ಬರೆಯಲಿ. ಹೂಡಿಕೆಗಳ ಪಟ್ಟಿ ಅದರೊಂದಿಗಿರಲಿ. ನಮ್ಮ ಬಸದಿಗಳ, ಟ್ರಸ್ಟುಗಳ ಮಂಡಳಿಗಳು ದೇಣಿಗೆಯ ಮೂಲವನ್ನು ಕೇಳಲಿ, ಒಪ್ಪದ ಮೂಲಗಳನ್ನು ಮೊದಲೇ ಠರಾವಿನಲ್ಲಿ ದಾಖಲಿಸಲಿ. ಷೇರು ಉಳ್ಳವರು ವಾರ್ಷಿಕ ಮಹಾಸಭೆಯಲ್ಲಿ ತ್ಯಾಜ್ಯದ ಲೆಕ್ಕ ಕೇಳಲಿ. ಆ ಹಕ್ಕು ಒಂದೇ ಷೇರು ಉಳ್ಳವನಿಗೂ ಇದೆ.

ಆ ಹುಡುಗಿಗೆ ನನ್ನ ಉತ್ತರವಿಷ್ಟು: ಇರಬಾರದಮ್ಮ. ನಿನ್ನ ತಂದೆಯ ಕಡತಕ್ಕಿಂತ ಮೊದಲು ನನ್ನದನ್ನು ತೆರೆದು ನೋಡಿದೆ. ನನ್ನ ಮ್ಯೂಚುವಲ್ ಫಂಡಿನ ಪಟ್ಟಿಯಲ್ಲೂ ಕಲ್ಲಿದ್ದಲು ಇತ್ತು.