ಸೂರ್ಯನೆಡೆಗೆ ಓಟ

ಮಾರ್ಚ್ ತಿಂಗಳು ಬಂದರೂ ಪ್ಯಾರಿಸ್ಸನ್ನು ಚಳಿ ಬಿಟ್ಟಿರುವುದಿಲ್ಲ. ದಕ್ಷಿಣದ ಕಡಲ ತಡಿಯ ನೀಸ್ ನಗರದಲ್ಲಾದರೋ ಆಗಲೇ ಎಳೆಬಿಸಿಲು. ಒಂದರ ಕಡೆಯಿಂದ ಇನ್ನೊಂದರ ಕಡೆಗೆ ಹಲವು ದಿನ ಸಾಗುವ ಬೈಸಿಕಲ್ ಪಂದ್ಯಕ್ಕೆ ‘ಸೂರ್ಯನೆಡೆಗೆ ಓಟ’ ಎಂಬ ಹೆಸರು ಬಂದುದು ಸಹಜವೇ ಸರಿ.

1933ರಲ್ಲಿ ಇದನ್ನು ಆರಂಭಿಸಿದವನು ಪತ್ರಿಕೋದ್ಯಮಿ ಆಲ್ಬೆರ್ ಲೆಜನ್. ಎರಡೂ ನಗರಗಳಲ್ಲಿ ಅವನಿಗೆ ಪತ್ರಿಕೆಗಳಿದ್ದವು. ಅವುಗಳ ಪ್ರಚಾರಕ್ಕೆ ಪಂದ್ಯವೊಂದು ಉಪಾಯವಾಯಿತು. ಯುದ್ಧಕಾಲದಲ್ಲಿ ನಿಂತು, 1946ರಲ್ಲೊಮ್ಮೆ ನಡೆದು, ಮತ್ತೆ ನಿಂತ ಪಂದ್ಯ 1951ರಲ್ಲಿ ಪುನಃ ಚೇತರಿಸಿಕೊಂಡಿತು. ಫ್ರಾನ್ಸಿನ ಆಂಕೆತಿಲ್ ಐದು ಸಲ ಗೆದ್ದನು. ಐರ್ಲೆಂಡಿನ ಶಾನ್ ಕೆಲಿ 1982ರಿಂದ 1988ರವರೆಗೆ ಸತತವಾಗಿ ಏಳು ಸಲ!

ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಗೆಲವಿನ ಲೆಕ್ಕವಲ್ಲ. ತಲೆಗೆ ಹೆಲ್ಮೆಟ್ ಧರಿಸಬೇಕೆಂಬ ನಿಯಮವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1991ರಲ್ಲೇ ತರಲೆಳಸಿತ್ತು. ಸವಾರರೇ ಅದನ್ನು ಪ್ರತಿಭಟಿಸಿದರು, ಒಕ್ಕೂಟ ಹಿಂಜರಿಯಿತು. 2003ರ ಮಾರ್ಚ್ 11ರಂದು, ಇದೇ ಪಂದ್ಯದಲ್ಲಿ, ಕಜಾಕಸ್ತಾನದ ಆಂದ್ರೇ ಕಿವಿಲೆವ್ ಬರಿದಲೆಯಲ್ಲಿ ರಸ್ತೆಗೆ ಬಿದ್ದು ಮರುದಿನ ಅಸುನೀಗಿದನು. ವಯಸ್ಸು 29. ಅಂದು ಯಾರೂ ಸ್ಪರ್ಧಿಸಲಿಲ್ಲ; ಎಲ್ಲರೂ ಒಟ್ಟಾಗಿ ಮೆಲ್ಲನೆ ದಾರಿ ಸವೆಸಿದರು. ಕಡೆಗೆ ಗೆದ್ದವನು ಅವನ ನಾಡಿನವನೇ ಆದ ಗೆಳೆಯ ವಿನೊಕುರೊವ್. ಆ ಮೇ ತಿಂಗಳಲ್ಲಿ ನಿಯಮ ಜಾರಿಗೆ ಬಂದಿತು. ಈ ಸಲ ಒಕ್ಕೂಟ ಹಿಂಜರಿಯಲಿಲ್ಲ.

ಹನ್ನೆರಡು ವರ್ಷಗಳ ಹಿಂದೆ ಬೇಡವೆನಿಸಿದ್ದ ವಿವೇಕಕ್ಕೆ ಒಂದು ಜೀವವೇ ಬೆಲೆಯಾಯಿತು. ಬಿಸಿಲನ್ನರಸಿ ಹೊರಟವರಲ್ಲಿ ಒಬ್ಬನು ನೀಸ್ ನಗರವನ್ನು ಮುಟ್ಟಲೇ ಇಲ್ಲ.